ಐಬಿಎ ಮುದ್ರೆಯ ಹಿಂದಿನ ಕತೆ

ಮುಂಬಯಿಯಲ್ಲಿ ಮನೆ ಸಾಮಾನು ಸಾಗಿಸುವ ಪ್ಯಾಕರ್ಸ್ ಕಂಪನಿಗಳ ಜಾಹೀರಾತು ನೋಡಿ, ಹೆಚ್ಚಿನವುಗಳಲ್ಲಿ ‘ಐಬಿಎ ಅಪ್ರೂವ್ಡ್’ ಅಂತ ಇದ್ದೇ ಇರುತ್ತದೆ. ಐಬಿಎ ಅಂದರೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಶನ್, 1946ರಲ್ಲಿ ಇದೇ ಊರಲ್ಲಿ ಹುಟ್ಟಿದ ಬ್ಯಾಂಕುಗಳ ಸಂಘ. ಬ್ಯಾಂಕಿಗೂ ಮಂಚ ಕಪಾಟು ಹೊರುವವರಿಗೂ ಏನ್ರೀ ಸಂಬಂಧ ಅಂತ ಊರ ಕಡೆಯವರು ಕೇಳುವುದುಂಟು.

ಸಂಬಂಧ ಲಾರಿ ರಸೀದಿಯದ್ದು, ನಮ್ಮ ಬಾಯಲ್ಲಿ ಅದು ‘ಎಲ್‌ಆರ್’. ಬಿಲ್ಸ್ ವಿಭಾಗದಲ್ಲಿದ್ದಾಗ ನಾನು ದಿನವೂ ಕಂಡದ್ದಿದು. ಇಲ್ಲಿನ ವ್ಯಾಪಾರಿ ಹುಬ್ಬಳ್ಳಿಗೆ ಬಟ್ಟೆ ಕಳಿಸಿ, ಎಲ್‌ಆರ್ ಅನ್ನು ಬ್ಯಾಂಕಿನ ಹೆಸರಿಗೆ ಬರೆಸಿ, ಬಿಲ್ಲಿನ ಜೊತೆ ನಮಗೆ ಕೊಟ್ಟು ಹಣ ಪಡೆಯುತ್ತಿದ್ದ. ಹುಬ್ಬಳ್ಳಿಯವನು ಅಲ್ಲಿನ ಶಾಖೆಯಲ್ಲಿ ದುಡ್ಡು ಕಟ್ಟಿ ರಸೀದಿ ಬಿಡಿಸಿಕೊಂಡರೆ ಮಾತ್ರ ಮಾಲು. ಸಾಗಣೆದಾರ ರಸೀದಿ ನೋಡದೆ ಮಾಲು ಬಿಟ್ಟುಕೊಟ್ಟನೋ, ಇಲ್ಲದ ಮಾಲಿಗೆ ರಸೀದಿ ಹರಿದುಕೊಟ್ಟನೋ, ಬ್ಯಾಂಕಿಗೆ ಉಳಿಯುವುದು ಬರೀ ಕಾಗದ. ಅದಕ್ಕೇ ಐಬಿಎ ಸಾಗಣೆದಾರರನ್ನು ಪರಿಶೀಲಿಸಿ ಪಟ್ಟಿ ಮಾಡಿತು. ಅದು ಬ್ಯಾಂಕಿನ ಸಾಲ ಕಾಯಲು ಹುಟ್ಟಿದ ಪಟ್ಟಿ, ನಮ್ಮ ಒರಳುಕಲ್ಲು ಕಾಯಲು ಅಲ್ಲ.

1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. (ಈಗ ಕೆನರಾ ಬಿಟ್ಟರೆ ಉಳಿದ ಮೂರೂ ವಿಲೀನವಾಗಿ ಹೆಸರೇ ಇಲ್ಲ.) ನಮ್ಮ ಕರಾವಳಿಯ ಅಧಿಕಾರಿಗಳು ಮುಲುಂಡ್, ಡೊಂಬಿವಲಿ ಅಂತ ವರ್ಗವಾಗಿ ಬಂದು ಹೋಗುವಾಗ, ಸಾಗಣೆಯ ಬಿಲ್ಲು ಐಬಿಎ ಪಟ್ಟಿಯವರದ್ದೇ ಇರಲಿ ಎನ್ನುತ್ತಿತ್ತು ಆಫೀಸು. ಹಾಗೆ ಆ ಮುದ್ರೆ ಮನೆಬಾಗಿಲಿಗೆ ಬಂತು, ಬೆನ್ನಿಗೇ ನಕಲಿಯೂ ಬಂತು.

ಸಹೋದ್ಯೋಗಿಯೊಬ್ಬರ ಸಾಮಾನು ಬೋರಿವಲಿಯಿಂದ ಮಂಗಳೂರಿಗೆ ಹೊರಟದ್ದು ಭಿವಂಡಿಯ ಗೋದಾಮಿನಲ್ಲಿ ನಿಂತಿತು. ‘ಹೇಳಿದ್ದಕ್ಕಿಂತ ಇಮ್ಮಡಿ ಕೊಡಿ, ಆಮೇಲೆ ಲಾರಿ ಬಿಡ್ತೀವಿ.’ ಬಿಲ್ಲಿನ ಮೇಲೆ ಐಬಿಎ ಇತ್ತು, ಪಟ್ಟಿಯಲ್ಲಿದ್ದದ್ದು ಅದನ್ನು ಹೋಲುವ ಬೇರೆ ಹೆಸರು. ಮಕ್ಕಳ ಶಾಲೆಯ ಸರ್ಟಿಫಿಕೇಟು ಕೂಡ ಆ ಪೆಟ್ಟಿಗೆಯೊಳಗೇ. ಕೊಟ್ಟರು, ಇನ್ನೇನು ಮಾಡ್ತಾರೆ?

1865ರ ಹಳೇ ಕ್ಯಾರಿಯರ್ಸ್ ಕಾಯ್ದೆ ಸಾಗಣೆದಾರನ ಹೊಣೆ ಹೇಳಿತ್ತು, ನೋಂದಣಿ ಕೇಳಿರಲಿಲ್ಲ. ನೋಂದಣಿ ಕಡ್ಡಾಯವಾದದ್ದು 2007ರ ಕಾಯ್ದೆಯಿಂದ, ಅದು ಜಾರಿಗೆ ಬಂದದ್ದು 2011ರಲ್ಲಿ. ಈಗ ಯಾರಾದರೂ ಕೇಳಿದರೆ ನಾನು ನೋಂದಣಿ ಪತ್ರ ತೋರಿಸಲು ಹೇಳಿ ಎನ್ನುತ್ತೇನೆ. ಐಬಿಎ ಕೋಡ್ ಸಂಖ್ಯೆಯನ್ನು ಕಂಪನಿಯ ಕಾರ್ಡಿನಲ್ಲಲ್ಲ, ಐಬಿಎ ಪಟ್ಟಿಯಲ್ಲೇ ನೋಡಬೇಕು. ಕೋಟೇಶನ್, ರಸೀದಿ, ದುಡ್ಡು ಹಾಕುವ ಖಾತೆ ಮೂರರಲ್ಲೂ ಒಂದೇ ಹೆಸರಿರಬೇಕು. ಸಾಮಾನಿನ ಬೆಲೆಯನ್ನು ಬುಕ್ ಮಾಡುವಾಗಲೇ ಬರೆಸಬೇಕು, ಇಲ್ಲಾಂದ್ರೆ ನಿಯಮದ ಪ್ರಕಾರ ಪರಿಹಾರ ಬಾಡಿಗೆಯ ಹತ್ತು ಪಟ್ಟು ದಾಟುವುದಿಲ್ಲ. ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಟ್ಟೇ ದಾವೆ ಹೂಡಬೇಕು. ಫೋನಿನಲ್ಲಿ ಕೂಗಾಡಿದ್ದು ಲೆಕ್ಕಕ್ಕೆ ಬರೋದಿಲ್ಲ.