ಪಕಾರದ ಪ್ರವಾಸ: ಹಿಪ್ಪಲಿಯಿಂದ ಪ್ಫೆಫರ್‌ವರೆಗೆ



ವೈದ್ಯನಾದವನು ವೇದಿಕೆ ಏರಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತನ್ನೇ ಎತ್ತುತ್ತಾನೆಂದು ತಾವು ಅಂಜಿರಬಹುದು. ಇಂದು ಅವೆರಡಕ್ಕೂ ವಿರಾಮ. ನಾನು ಹೇಳಹೊರಟಿರುವುದು ಒಂದೇ ಒಂದು ಅಕ್ಷರದ ಇತಿಹಾಸ. ಆ ಅಕ್ಷರ ‘ಪ’.

ಇಂಗ್ಲಿಷ್ ಬಲ್ಲ ನಾವು ಜರ್ಮನಿಗೆ ಬಂದೊಡನೆ ಮಾಡುವ ಮೊದಲ ತಪ್ಪೆಂದರೆ, ಎರಡೂ ಭಾಷೆಗಳಲ್ಲಿ ಒಂದೇ ಅಕ್ಷರಗಳಿರುವ ಪದಗಳಿಗೆ ಒಂದೇ ಅರ್ಥವೆಂದು ನಂಬುವುದು. ‘ಗಿಫ್ಟ್’ ಇಂಗ್ಲಿಷಿನಲ್ಲಿ ಉಡುಗೊರೆ, ಜರ್ಮನ್ನಿನಲ್ಲಿ ವಿಷ. ಮೂಲದಲ್ಲಿ ಎರಡಕ್ಕೂ ‘ಕೊಟ್ಟದ್ದು’ ಎಂದೇ ಅರ್ಥ. ಗ್ರೀಕ್ ಮೂಲದ ‘ಡೋಸ್’ ಪದದ ಅರ್ಥವೂ ಕೊಡುವಿಕೆಯೇ. ಅದರ ಅನುಕರಣೆಯಿಂದ ಜರ್ಮನ್ ಪದವು ವಿಷದ ಕಡೆಗೆ ವಾಲಿತು. ವರದಕ್ಷಿಣೆಗೆ ಮಾತ್ರ ಇಲ್ಲಿ ಇಂದಿಗೂ ‘ಮಿಟ್‌ಗಿಫ್ಟ್’ ಎನ್ನುತ್ತಾರೆ. ಅಲ್ಲಿ ಯಾವ ಅರ್ಥ ಹೆಚ್ಚು ಸರಿಯೆಂಬುದನ್ನು ಹೆಣ್ಣು ಹೆತ್ತವರೇ ಹೇಳಬೇಕು.

ಹಾಗಾದರೆ ಪದಗಳ ನಂಟನ್ನು ಗುರುತಿಸುವುದು ಹೇಗೆ? ಅಕ್ಷರಗಳು ಒಂದೇ ಆಗಿರುವುದಕ್ಕಿಂತ, ಅವು ಒಂದು ನಿಯಮಕ್ಕೆ ಒಳಪಟ್ಟು ಬೇರೆಯಾಗಿರುವುದು ಹೆಚ್ಚು ನಂಬತಕ್ಕ ಸಾಕ್ಷಿ. ಇಂಗ್ಲಿಷಿನ ಪೌಂಡ್, ಪ್ಯಾನ್, ಪೈಪ್, ಪೆನ್ನಿ, ಪೆಪ್ಪರ್‌ಗಳನ್ನು ಜರ್ಮನ್ನಿನ ಪ್ಫುಂಟ್, ಪ್ಫಾನ, ಪ್ಫೈಫ, ಪ್ಫೆನಿಗ್, ಪ್ಫೆಫರ್‌ಗಳ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ‘ಪ’ ಇರುವ ಕಡೆ ಇಲ್ಲಿ ತುಟಿ ಬಿಗಿದು ಗಾಳಿ ಬಿಡುವ ‘ಪ್ಫ’. ಮಕ್ಕಳ ಕಥೆಗಳಿಂದ ನಮಗೆಲ್ಲ ಪರಿಚಿತರಾದ ಗ್ರಿಮ್ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್, 1822ರಲ್ಲಿ ಹೊರಬಂದ ತನ್ನ ಜರ್ಮನ್ ವ್ಯಾಕರಣದ ಎರಡನೆಯ ಆವೃತ್ತಿಯಲ್ಲಿ ಇಂತಹ ವ್ಯಂಜನ ಪಲ್ಲಟಗಳನ್ನು ಕ್ರಮವಾಗಿ ವಿವರಿಸಿದನು. ‘ಪ’ ಹೀಗೆ ‘ಪ್ಫ’ ಆದದ್ದು ದಕ್ಷಿಣ ಜರ್ಮನಿಯ ಮಾತಿನಲ್ಲಿ, ಸುಮಾರು 6ನೆಯ ಶತಮಾನದಿಂದೀಚೆಗೆ. ಉತ್ತರದ ಬಯಲಿನ ಆಡುನುಡಿ ಈ ಬದಲಾವಣೆಗೆ ಒಳಗಾಗಲಿಲ್ಲ. ಅಲ್ಲಿ ಮೆಣಸು ಇಂದಿಗೂ ‘ಪೇಪರ್’, ಸೇಬು ‘ಆಪೆಲ್’.

ಈ ಪಲ್ಲಟವು ಪದಗಳ ವಯಸ್ಸನ್ನೂ ಹೇಳುತ್ತದೆ. ಆಸ್ಪತ್ರೆಯ ಉದಾಹರಣೆಯನ್ನೇ ಕೊಡುತ್ತೇನೆ. ಗಾಯಕ್ಕೆ ಅಂಟಿಸುವ ಪಟ್ಟಿ ‘ಪ್ಫ್ಲಾಸ್ಟರ್’: ಪಲ್ಲಟಕ್ಕೆ ಮೊದಲೇ ಲ್ಯಾಟಿನ್ನಿನಿಂದ ಬಂದು ಮನೆಯವರೊಡನೆ ತಾನೂ ಬದಲಾದ ಪದ. ನುಂಗುವ ಮಾತ್ರೆ ‘ಪಿಲ’, ನುಂಗುವವನು ‘ಪಾಟ್ಸಿಯೆಂಟ್’: ಇವು ತಡವಾಗಿ ಬಂದ ನೆಂಟರು, ಆದ್ದರಿಂದ ಪಕಾರ ಹಾಗೆಯೇ ಉಳಿಯಿತು.

ಇನ್ನು ನಮ್ಮ ಮನೆಗೆ ಬರೋಣ. ಕನ್ನಡಕ್ಕೂ ಜರ್ಮನ್ನಿಗೂ ರಕ್ತಸಂಬಂಧವಿಲ್ಲ. ಆದರೂ ಅದೇ ಪಕಾರ ಇಲ್ಲಿಯೂ ನಿಲ್ಲಲಿಲ್ಲ. ಪಂಪನ ಕಾಲದ ಪಾಲ್, ಪುಲಿ, ಪೆಸರ್, ಪಲ್, ಪತ್ತು ಎಂಬವು ನಮ್ಮ ಹಾಲು, ಹುಲಿ, ಹೆಸರು, ಹಲ್ಲು, ಹತ್ತು. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ತಲೆದೋರಿದ ಈ ಹಕಾರ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನೆಲೆಯೂರಿತು. ತಮಿಳಿನಲ್ಲಿ ‘ಪತ್ತು’, ತುಳುವಿನಲ್ಲಿ ‘ಪತ್ತ್’ ಹಾಗೆಯೇ ಉಳಿದಿವೆ. ಇಂದು ಕನ್ನಡದಲ್ಲಿ ಪಕಾರದಿಂದ ಮೊದಲಾಗುವ ಪದಗಳಲ್ಲಿ ಬಹುಪಾಲು ಪಾದ, ಪತ್ರ, ಪಕ್ಷಿಗಳಂತೆ ಸಂಸ್ಕೃತದಿಂದಲೋ ಬೇರೆ ಭಾಷೆಗಳಿಂದಲೋ ಬಂದವು.

ಆದರೆ ಒಂದು ಪದವಿದೆ. ಸಂಸ್ಕೃತದ ‘ಪಿಪ್ಪಲಿ’ ಕನ್ನಡಿಗರ ಬಾಯಲ್ಲಿ ‘ಹಿಪ್ಪಲಿ’ಯಾಯಿತು. ಅದೇ ಪಿಪ್ಪಲಿ ವ್ಯಾಪಾರಿಗಳೊಡನೆ ಪಶ್ಚಿಮಕ್ಕೆ ಹೋಗಿ, ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’ ಎನಿಸಿ, ನಮ್ಮ ಕರಿಮೆಣಸಿಗೂ ಅನ್ವಯಿಸಿ, ಕಡೆಗೆ ಇಂಗ್ಲಿಷಿನಲ್ಲಿ ‘ಪೆಪ್ಪರ್’, ಜರ್ಮನ್ನಿನಲ್ಲಿ ‘ಪ್ಫೆಫರ್’ ಆಯಿತು. ತಮ್ಮ ಊಟದ ಮೇಜಿನ ಮೇಲಿರುವ ಪುಟ್ಟ ಡಬ್ಬಿಯ ಮೇಲಿನ ಹೆಸರು ನಮ್ಮ ಗ್ರಂದಿಗೆ ಅಂಗಡಿಯ ಹಿಪ್ಪಲಿಯ ಒಡಹುಟ್ಟು.

ಇಲ್ಲಿ ಫರ್ಡಿನೆಂಡ್ ಕಿಟ್ಟೆಲರನ್ನು ನೆನೆಯದಿರಲಾರೆ. ಅವರು 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಹಳ್ಳಿ ಇರುವುದು ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸಿಯಾದಲ್ಲಿ, ‘ಪೇಪರ್’ ಎನ್ನುವವರ ಸೀಮೆಯಲ್ಲಿ. ಊರವರ ಬಾಯಲ್ಲಿ ‘ಪ’, ಪುಸ್ತಕದಲ್ಲಿ ‘ಪ್ಫ’ ಕೇಳಿ ಬೆಳೆದ ಕಿವಿಗೆ, ಮಂಗಳೂರಿನ ತುಳುವಿನ ‘ಪ’ ಮತ್ತು ಧಾರವಾಡದ ಕನ್ನಡದ ‘ಹ’ ಒಗಟಾಗಿ ತೋರಿರಲಾರದು ಎಂಬುದು ನನ್ನ ಊಹೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಅವರು, 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಸುಮಾರು 70,000 ಪದಗಳ ನಿಘಂಟಿನಲ್ಲಿ ಹಳೆಯ ಪಕಾರ ರೂಪಗಳನ್ನೂ ಹೊಸ ಹಕಾರ ರೂಪಗಳನ್ನೂ ಕೊಟ್ಟು, ಸೋದರ ಭಾಷೆಗಳ ರೂಪಗಳೊಡನೆ ಹೋಲಿಸಿದರು. ಕಾವ್ಯದ ಪದಗಳೊಡನೆ ಜನರ ಆಡುಮಾತನ್ನೂ, ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠ ಸೀಮೆಯದು ಎಂದು ಗುರುತು ಹಾಕಿ ಸೇರಿಸಿದರು. ಯಾವುದನ್ನೂ ನಗಲಿಲ್ಲ. ಅವರು 1903ರಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ನಗು ಎಂದೆ; ಅದಕ್ಕೆ ಕಾರಣವಿದೆ. ಕಳೆದ ವರ್ಷ ನಮ್ಮವರ ಮನೆಯೊಂದರ ಸಂತೋಷಕೂಟದಲ್ಲಿ ಏಳು ವರ್ಷದ ಮಗುವೊಂದು, ಬಿದ್ದ ತನ್ನ ಹಲ್ಲನ್ನು ತೋರಿಸಿ, ‘ಅಲ್ಲು ಬಿತ್ತು’ ಎಂದಿತು. ಊರಿನ ಅಜ್ಜಿಯೊಡನೆ ಫೋನಿನಲ್ಲಿ ಮಾತಾಡುತ್ತ ಕಲಿತ ಕನ್ನಡ ಅದು. ಹಿರಿಯರೆಲ್ಲ ಗೊಳ್ಳೆಂದು ನಕ್ಕರು, ಒಬ್ಬರು ‘ಹ’ ಹೇಳಿಕೊಡಲು ಮುಂದಾದರು. ಆ ಸಂಜೆಯೆಲ್ಲ ಮಗು ಜರ್ಮನ್ನಿನಲ್ಲೇ ಉತ್ತರ ಕೊಟ್ಟಿತು. ಮಂಡ್ಯ ಸೀಮೆಯ ಹಳ್ಳಿಯಿಂದ ವೈದ್ಯಕೀಯ ಕಾಲೇಜಿಗೆ ಬಂದ ನನಗೂ ಇದೇ ನಗು ಎದುರಾಗಿತ್ತು. ಆಮೇಲೆ ಎರಡು ವರ್ಷ ನಾನು ಸಹಪಾಠಿಗಳೊಡನೆ ಇಂಗ್ಲಿಷನ್ನೇ ಆಡಿದೆ.

ವಾಸ್ತವವಾಗಿ ಆ ಮಗು ತಪ್ಪು ಮಾಡಿರಲಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರಗಳ ಗ್ರಾಮಗಳಲ್ಲಿ ಪದದ ಮೊದಲಿನ ಹಕಾರ ಉದುರಿಹೋಗುವುದು ಒಂದು ನಿಯಮದಂತೆಯೇ: ಆಲು, ಅತ್ತು, ಎಸ್ರು. ‘ಪಲ್’ ಎನ್ನುತ್ತಿದ್ದವರಿಗೆ ಮೊದಲು ‘ಹಲ್ಲು’ ಕೇಳಿದಾಗಲೂ ಅದು ಹಳ್ಳಿಗಾಡಿನ ಮಾತೆಂದೇ ಅನಿಸಿರಬೇಕು. ಪರೀಕ್ಷೆಯಲ್ಲಿ ‘ಹಲ್ಲು’ ಎಂದು ಬರೆಯಲು ಮಗುವಿಗೆ ಅಗತ್ಯವಾಗಿ ಕಲಿಸಿರಿ. ಅಜ್ಜಿಯೊಡನೆ ಆಡುವಾಗ ತಿದ್ದಬೇಡಿ.

ನನ್ನ ತಾಯಿ ನಾಲ್ಕನೆಯ ತರಗತಿಯನ್ನೂ ಮುಗಿಸಿದವರಲ್ಲ. ನಮಗೆ ಕೆಮ್ಮು ಬಂದಾಗ ಜೇನಿನಲ್ಲಿ ತೇದು ನೆಕ್ಕಿಸುತ್ತಿದ್ದುದನ್ನು ಅವರು ‘ಇಪ್ಪಲಿ’ ಎಂದೇ ಕರೆಯುತ್ತಿದ್ದರು.