ಶಿಲೆಯ ವಯಸ್ಸು: ಯಾವ ಜನ್ಮದಿಂದ ಎಣಿಕೆ?

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಪಶ್ಚಿಮ ಬೆಂಗಳೂರಿನಲ್ಲಿ ಮನೆಯ ಪಾಯಕ್ಕೆಂದು ನೆಲವನ್ನು ಅಗೆಯುವಾಗ, ಕೆಮ್ಮಣ್ಣು ಸರಿದ ಮೇಲೆ ಹಾರೆಗೆ ಬಹುಮಟ್ಟಿಗೆ ತಾಕುವುದು ಬೂದುಬಣ್ಣದ ಮೈಯಲ್ಲಿ ಬಿಳಿಯ ಮತ್ತು ಕರಿಯ ಪಟ್ಟೆಗಳನ್ನು ಮಡಿಸಿಕೊಂಡಿರುವ ನೈಸ್ ಶಿಲೆ. ಕಲ್ಲುಕುಟಿಗರು ಇಂಥ ಬಂಡೆಯನ್ನೇ ಸೀಳಿ ಸೈಜುಗಲ್ಲು, ಚಪ್ಪಡಿಗಳನ್ನಾಗಿ ಮಾಡಿ ಈ ಬಡಾವಣೆಗಳನ್ನು ಎತ್ತಿ ನಿಲ್ಲಿಸಿದರು. ಇದರ ವಯಸ್ಸೆಷ್ಟೆಂದು ಕೇಳಿದವರಿಗೆ ಈಗ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ, ಲಾಲ್‌ಬಾಗಿನ ಬಂಡೆಯ ಫಲಕದಿಂದ ಬಂದ 300 ಕೋಟಿ ವರ್ಷ. ಆ ಅಂಕೆಯನ್ನು ನಾನು ಅಲ್ಲಗಳೆಯುವುದಿಲ್ಲ; ಮೂರು ದಶಕಗಳ ಕಾಲ ಈ ವಿಷಯವನ್ನು ಬೋಧಿಸಿದವನಾಗಿ ನನಗೆ ವ್ಯಥೆಯಾಗುವುದು, ರೂಪಾಂತರ ಹೊಂದಿದ ಶಿಲೆಗೆ ಒಂದೇ ಹುಟ್ಟು, ಒಂದೇ ವಯಸ್ಸು ಎಂಬ ಭಾವನೆ ಅದರೊಡನೆ ಬೇರೂರುತ್ತಿರುವುದಕ್ಕಾಗಿ.

ಈ ಶಾಸ್ತ್ರದ ಆದಿಕಾಂಡವನ್ನು ಸಂಕ್ಷೇಪವಾಗಿ ಹೇಳಬಹುದು. ಯುರೇನಿಯಂ ಕ್ಷಯಿಸಿ ಸೀಸವಾಗುವ ನಿಯತ ಗತಿಯಿಂದ ಖನಿಜದ ವಯಸ್ಸನ್ನು ಗಣಿಸಬಹುದೆಂದು 1907ರಲ್ಲಿ ಬೋಲ್ಟ್‌ವುಡ್ ತೋರಿಸಿದರು. 1913ರಲ್ಲಿ ಆರ್ಥರ್ ಹೋಮ್ಸ್ ಅದನ್ನು ಭೂಮಿಯ ವಯಸ್ಸಿನ ಪ್ರಶ್ನೆಗೇ ಅನ್ವಯಿಸಿ ಗ್ರಂಥವನ್ನು ರಚಿಸಿದರು. ನಮ್ಮ ನಾಡಿನಲ್ಲಿ ಆಗಿನ ವಾಗ್ವಾದವೇ ಬೇರೆಯಾಗಿತ್ತು. ಧಾರವಾಡ ಶಿಲಾಸ್ತರಗಳು ನೈಸಿನ ಮೇಲೆ ಹಾಸಿಕೊಂಡಿವೆಯೆಂದು ರಾಬರ್ಟ್ ಬ್ರೂಸ್ ಫೂಟ್ ಭಾವಿಸಿದ್ದರು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಅವರ ತರುವಾಯ ಬಂದ ಸ್ಮೀತ್, 1916ರಲ್ಲಿ ಈ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನಿತ್ತು, ಅದು ಧಾರವಾಡ ಶಿಲೆಗಳೊಳಕ್ಕೆ ತೂರಿಬಂದ ಕಿರಿಯ ಶಿಲೆಯೆಂದು ಸಾರಿದರು. 1955ರಲ್ಲಿ ಹೋಮ್ಸ್ ದಕ್ಷಿಣ ಭಾರತದ ಮತ್ತು ಸಿಂಹಳದ ಖನಿಜಗಳ ಕಾಲನಿರ್ಣಯವನ್ನು ಒಟ್ಟುಗೂಡಿಸಿದರು. 1969ರಲ್ಲಿ ಕ್ರಾಫರ್ಡ್ ರುಬಿಡಿಯಂ-ಸ್ಟ್ರಾನ್ಷಿಯಂ ವಿಧಾನದಿಂದ ದಕ್ಷಿಣ ಭಾರತದ ಪ್ರಥಮ ಪರ್ಯವೇಕ್ಷಣೆಯನ್ನು ನಡೆಸಿದರು.

ಹಳೆಯ ವಾಗ್ವಾದವನ್ನು ತೀರಿಸಲು ನೆರವಾದದ್ದು ಚಿಕ್ಕಮಗಳೂರು ಸೀಮೆಯ ಕಲ್ದುರ್ಗದ ಉಂಡೆಗಲ್ಲುಗಳು. ಧಾರವಾಡ ಸ್ತರದೊಳಗೆ ಹುದುಗಿದ್ದ ನೈಸಿನ ಆ ಉಂಡೆಗಳ ವಯಸ್ಸನ್ನು ವೆಂಕಟಸುಬ್ರಮಣಿಯನ್ ಮತ್ತು ನಾರಾಯಣಸ್ವಾಮಿ 1974ರಲ್ಲಿ ಅಳೆದರು; ಒಡಲಲ್ಲಿ ನೈಸಿನ ಉಂಡೆಗಳನ್ನು ಹೊತ್ತಿರುವ ಶಿಲೆ ನೈಸಿಗಿಂತ ಹಿರಿಯದಾಗಿರಲಾರದಷ್ಟೆ. ಇಲ್ಲಿ ಅಂಕೆಗೆ ಅರ್ಥ ಬಂದದ್ದು ಕ್ಷೇತ್ರದಲ್ಲಿ ಕಣ್ಣಾರೆ ಕಂಡ ಸಂಬಂಧದಿಂದ ಎಂಬುದನ್ನು ಮರೆಯಲಾಗದು.

ನನ್ನ ತಲೆಮಾರು ಕಣ್ತೆರೆದದ್ದು ಈ ಪಾಠದೊಡನೆ. 1980ರಲ್ಲಿ ಬೆಕಿನ್ಸೇಲ್, ಡ್ರೂರಿ, ಹೋಲ್ಟ್ ಅವರು ಹಾಸನ ಸೀಮೆಯ ನೈಸಿಗೆ 336 ಕೋಟಿ ವರ್ಷಗಳನ್ನು ಹೇಳಿದಾಗ ನಮಗಾದ ಹರ್ಷವನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಅದರ ಮರುವರ್ಷವೇ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರ ಸಂಪಾದಕತ್ವದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ 112ನೆಯ ಸಂಪುಟ ಪ್ರಕಟವಾಯಿತು. ಸರಗೂರಿನ ಪ್ರಾಚೀನ ಶಿಲೆಗಳನ್ನು ಧಾರವಾಡದವುಗಳಿಂದ ಬೇರ್ಪಡಿಸಿ ನಿರೂಪಿಸಿದ ಆ ಸಂಪುಟವನ್ನು ಚೀಲದಲ್ಲಿಟ್ಟುಕೊಂಡೇ ನಾವು ಬೆಟ್ಟಗಳನ್ನು ಹತ್ತಿದೆವು. ಮೊದಲು ನಕಾಸೆ, ಆಮೇಲೆ ಯಂತ್ರ, ಎಂಬ ಆ ಸಂಪ್ರದಾಯಕ್ಕೆ ನಾನು ಇಂದಿಗೂ ಋಣಿ.

ಆದರೂ ಇಡೀ ಶಿಲೆಯನ್ನು ಪುಡಿಮಾಡಿ ಅಳೆಯುವ ರುಬಿಡಿಯಂ ವಿಧಾನಕ್ಕೆ ಒಂದು ಮಿತಿಯುಂಟು: ತಾಪ ಮತ್ತು ದ್ರವಗಳು ಶಿಲೆಯನ್ನು ಹಾದುಹೋದಾಗ ಧಾತುಗಳು ಚಲಿಸಿ, ಹಳೆಯ ಲೆಕ್ಕದ ಅಲ್ಪಾಂಶವೋ ಸರ್ವಾಂಶವೋ ಅಳಿಸಿಹೋಗುತ್ತದೆ. ಈ ಕೊರತೆಯನ್ನು ತುಂಬಿದ್ದು ಮರಳಿನ ಕಣದಷ್ಟೇ ಇರುವ ಜಿರ್ಕಾನ್. ಅದರೊಳಗಿನ ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ನಡೆಯುವ ಈ ಎರಡು ಗಡಿಯಾರಗಳು ಪರಸ್ಪರ ತಾಳೆಯಾದರೆ ಸಾಕ್ಷ್ಯ ದೃಢವಾಯಿತು, ತಾಳೆ ತಪ್ಪಿದರೆ ನಡುವೆ ಸೀಸ ಸೋರಿಹೋಗಿರುವ ಶಂಕೆ ಮೂಡಿತು. ಹೊಸ ತಾಪದಲ್ಲಿ ಹಳೆಯ ತಿರುಳು ಕರಗದೆ ಉಳಿದು, ಅದರ ಸುತ್ತ ಹೊಸ ಅಂಚು ಬೆಳೆಯುವುದರಿಂದ, ಒಂದೇ ಕಣದಲ್ಲಿ ಎರಡು ಮೂರು ಯುಗಗಳು ಬರೆದಿಟ್ಟಂತೆ ಇರುತ್ತವೆ. ಕ್ಯಾನ್‌ಬೆರಾದಲ್ಲಿ ರೂಪುಗೊಂಡ ‘ಶ್ರಿಂಪ್’ ಯಂತ್ರ ಆ ತಿರುಳನ್ನೂ ಅಂಚನ್ನೂ ಬೇರೆಬೇರೆಯಾಗಿ ಓದಿತು. ಅದರ ಬಲದಿಂದ 1991ರಲ್ಲಿ ಫ್ರೆಂಡ್ ಮತ್ತು ನಟ್‌ಮನ್, ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದವರಿಗೆ ಎದುರಾಗುವ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 251 ಕೋಟಿ ವರ್ಷಗಳೆಂದು ನಿರ್ಣಯಿಸಿದರು. ಮರುವರ್ಷ ಸರಗೂರು ಶಿಲೆಗಳೊಳಗಿನ ಸವೆದ ಜಿರ್ಕಾನ್‌ಗಳಲ್ಲಿ 358 ಕೋಟಿ ವರ್ಷಗಳಷ್ಟು ಹಳೆಯವು ದೊರೆತವು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಕಬ್ಬಾಳದುರ್ಗದ ಕಲ್ಲುಗಣಿ. ಬೂದುಬಣ್ಣದ ನೈಸ್, ಅಂಗೈಯಗಲದ ಕಲೆಗಳಲ್ಲಿ ಹಸಿರುಗಪ್ಪಾದ ಚಾರ್ನಕೈಟಾಗಿ ಮಾರ್ಪಡುತ್ತಿರುವುದನ್ನು ಅಲ್ಲಿ ಗುರುತಿಸಿ, 1960ರಲ್ಲಿ ಪಿಚ್ಚಮುತ್ತು ಅವರು ಲೋಕಕ್ಕೆ ತಿಳಿಸಿದರು. ನೀರಿನಂಶ ಕಡಿಮೆಯಾದ ಸ್ಥಿತಿಯಲ್ಲಿ ಈ ಪರಿವರ್ತನೆ ಜರುಗಿತೆಂಬುದನ್ನು 1979ರಲ್ಲಿ ಮೈಸೂರಿನ ಜನಾರ್ದನ್, ನ್ಯೂಟನ್ ಮತ್ತು ಸ್ಮಿತ್ ವಿವೇಚಿಸಿದರು. ಮೂಲ ನೈಸ್ ಜನಿಸಿದ್ದು 300 ಕೋಟಿ ವರ್ಷಗಳ ಆಸುಪಾಸಿನಲ್ಲಿ, ಈ ಕಪ್ಪು ಕಲೆ ಮೂಡಿದ್ದು 250 ಕೋಟಿಯ ಆಸುಪಾಸಿನಲ್ಲಿ ಎಂದು ಮುಂದೆ ಜಿರ್ಕಾನ್‌ಗಳು ನುಡಿದವು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ, ಎಡಗೈಯನ್ನು ಬೂದುಕಲ್ಲಿನ ಮೇಲೂ ಬಲಗೈಯನ್ನು ಕಪ್ಪು ಕಲೆಯ ಮೇಲೂ ಇರಿಸಿ, ಈ ಕಲ್ಲಿನ ವಯಸ್ಸೆಷ್ಟೆಂದು ಕೇಳುತ್ತಿದ್ದೆ. ಒಂದೇ ಬಂಡೆಯ ಮೇಲಿದ್ದ ಆ ಎರಡು ಕೈಗಳ ನಡುವೆ 50 ಕೋಟಿ ವರ್ಷಗಳಿದ್ದವು.

ಜಿರ್ಕಾನ್‌ಗೆ ದೊರೆತ ಪ್ರಾಶಸ್ತ್ಯ ಮೋನಜೈಟಿಗೂ ಗಾರ್ನೆಟ್ಟಿಗೂ ನಮ್ಮಲ್ಲಿ ದೊರೆತಿಲ್ಲ. ಶಿಲೆಯ ಜನ್ಮಕ್ಕಿಂತ ಹೆಚ್ಚಾಗಿ ಅದರ ರೂಪಾಂತರದ ತಾಪವನ್ನೂ ಒತ್ತಡವನ್ನೂ ಕಾಲದೊಡನೆ ಹೆಣೆದು ಹೇಳಬಲ್ಲವು ಅವೇ. ಎಲ್ಲಕ್ಕಿಂತ ಹಿರಿಯ ಅಂಕೆಯನ್ನು ಅರಸುವ ಉತ್ಸಾಹದಲ್ಲಿ, ನಡುವಿನ ಘಟನೆಗಳನ್ನು ಅಳೆಯುವ ತಾಳ್ಮೆ ಹಿಂದೆ ಬಿದ್ದಿತು. ಯಂತ್ರವನ್ನು ಇಂದಲ್ಲ ನಾಳೆ ತರಿಸಬಹುದು, ಬಂಡೆಯನ್ನು ತರಿಸುವಂತಿಲ್ಲ. ವೃಷಭಾವತಿಯ ಕಣಿವೆಯ ಅಂಚಿನಲ್ಲಿ, ನನ್ನ ವಿದ್ಯಾರ್ಥಿಗಳು ಪಟ್ಟೆಗಳ ಮಡಿಕೆಯನ್ನು ಮೊದಲ ಸಲ ದಿಕ್ಸೂಚಿಯಿಂದ ಅಳೆದ ಒಂದು ಬಂಡೆಯಿತ್ತು; ಇಂದು ಅದರ ಮೇಲೆ ಕಾಂಕ್ರೀಟು ಹಾಸಿದೆ. ಉಳಿದ ಬಂಡೆಗಳ ನಕಾಸೆಯನ್ನಾದರೂ ಬರೆದು, ಪ್ರತಿಯೊಂದರಿಂದ ಒಂದು ತುಣುಕನ್ನು ಸ್ಥಳದ ಗುರುತಿನೊಡನೆ ತೆಗೆದಿಡುವುದು ನಮ್ಮ ಕಾಲೇಜುಗಳ ಮಕ್ಕಳಿಂದ ಸಾಧ್ಯವಾದ ಕಾರ್ಯ. ಅದಕ್ಕೆ ಬೇಕಾದದ್ದು ಒಂದು ಸುತ್ತಿಗೆ, ಒಂದು ದಿಕ್ಸೂಚಿ, ಮತ್ತು ಪಾಯ ತೋಡುವವರು ಬರುವುದಕ್ಕೆ ಒಂದು ದಿನ ಮೊದಲು ಅಲ್ಲಿ ಹೋಗಿ ನಿಲ್ಲುವ ಮನಸ್ಸು.