ಸುಡಾನಿನ ಮತಪೆಟ್ಟಿಗೆಗೆ ಭಾರತದ ಕಾವಲು

ಮತ ಹಾಕಿ ಹೊರಬಂದಾಗ ನಿಮ್ಮ ಬೆರಳಿನ ಮೇಲೆ ಉಳಿಯುವ ಅಳಿಸಲಾಗದ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯದ್ದೆಂದು ನಿಮಗೆ ತಿಳಿದಿರಬಹುದು. 1962ರಿಂದ ದೇಶದ ಚುನಾವಣೆಗಳಿಗೆ ಶಾಯಿ ಒದಗಿಸುತ್ತಿರುವ ಈ ಕಾರ್ಖಾನೆ 25ಕ್ಕೂ ಹೆಚ್ಚು ದೇಶಗಳಿಗೆ ಅದನ್ನು ಕಳುಹಿಸಿದೆ. ಆದರೆ ಮೈಸೂರಿನ ಶಾಯಿ ಹೊರದೇಶಕ್ಕೆ ಹೋಗುವ ಮೊದಲೇ, ಚುನಾವಣೆ ನಡೆಸಿಕೊಡಲೆಂದು ಭಾರತದ ಒಬ್ಬ ಅಧಿಕಾರಿ ಆಫ್ರಿಕಾಕ್ಕೆ ಹೋಗಿದ್ದರು. ಅವರೇ ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅವರು ಹೋದ ದೇಶ ಸುಡಾನ್.

ಸುಡಾನಿನ ಆಗಿನ ಸ್ಥಿತಿಯನ್ನು ಸ್ವಲ್ಪ ನೋಡೋಣ. 1899ರ ಒಪ್ಪಂದದಂತೆ ಈ ದೇಶವನ್ನು ಬ್ರಿಟನ್ ಮತ್ತು ಈಜಿಪ್ಟ್ ಜಂಟಿಯಾಗಿ ಆಳುತ್ತಿದ್ದವು. ಜಂಟಿ ಎಂಬುದು ಹೆಸರಿಗೆ ಮಾತ್ರ, ಅಧಿಕಾರವೆಲ್ಲ ಬ್ರಿಟಿಷರ ಕೈಯಲ್ಲಿತ್ತು. 1952ರಲ್ಲಿ ಈಜಿಪ್ಟಿನಲ್ಲಿ ಸೇನಾ ಕ್ರಾಂತಿಯಾಗಿ ಜನರಲ್ ನಗೀಬ್ ಅಧಿಕಾರಕ್ಕೆ ಬಂದರು. 1953ರ ಫೆಬ್ರವರಿ 12ರಂದು ಎರಡೂ ದೇಶಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಸುಡಾನಿಗಳು ತಮ್ಮದೇ ಸಂಸತ್ತನ್ನು ಆರಿಸಿಕೊಳ್ಳಬೇಕು. ಮೂರು ವರ್ಷದೊಳಗೆ ಈಜಿಪ್ಟಿನೊಂದಿಗೆ ಸೇರುವುದೋ ಸ್ವತಂತ್ರರಾಗುವುದೋ ಎಂದು ತೀರ್ಮಾನಿಸಬೇಕು.

ಆದರೆ ಚುನಾವಣೆ ನಡೆಸುವವರು ಯಾರು? ಬ್ರಿಟಿಷರು ನಡೆಸಿದರೆ ಈಜಿಪ್ಟ್ ನಂಬದು, ಈಜಿಪ್ಟ್ ನಡೆಸಿದರೆ ಬ್ರಿಟನ್ ಒಪ್ಪದು. ಆದ್ದರಿಂದ ಏಳು ಮಂದಿಯ ಆಯೋಗ ರಚನೆಯಾಯಿತು. ಅದರಲ್ಲಿ ಮೂವರು ಸುಡಾನಿಗಳು, ಬ್ರಿಟನ್, ಈಜಿಪ್ಟ್ ಹಾಗೂ ಅಮೆರಿಕದಿಂದ ತಲಾ ಒಬ್ಬರು. ಅಧ್ಯಕ್ಷ ಸ್ಥಾನ ಭಾರತಕ್ಕೆ. ಎಲ್ಲರೂ ಒಪ್ಪಬಹುದಾದ ಅರ್ಹತೆ ನಮ್ಮ ದೇಶಕ್ಕಿತ್ತು. 1951–52ರಲ್ಲಿ 17 ಕೋಟಿಗೂ ಹೆಚ್ಚು ಮತದಾರರ, ಬಹುಪಾಲು ಅನಕ್ಷರಸ್ಥರೇ ಇದ್ದ ಚುನಾವಣೆಯನ್ನು ಭಾರತ ಯಶಸ್ವಿಯಾಗಿ ಮುಗಿಸಿತ್ತು. ಓದು ಬಾರದವನೂ ಮತ ಚಲಾಯಿಸಲೆಂದು ಪ್ರತಿ ಅಭ್ಯರ್ಥಿಗೂ ಚಿಹ್ನೆಯಿರುವ ಪ್ರತ್ಯೇಕ ಪೆಟ್ಟಿಗೆಯನ್ನು ಇಡಲಾಗಿತ್ತು.

ಸುಕುಮಾರ್ ಸೇನ್ ಸುಮಾರು ಒಂಬತ್ತು ತಿಂಗಳು ಸುಡಾನಿನಲ್ಲಿದ್ದರು. ಮರುಭೂಮಿ, ಕಾಡು, ಜೌಗುನೆಲಗಳ ಆ ದೇಶದಲ್ಲಿ ಎಲ್ಲೆಡೆ ನೇರ ಮತದಾನ ಕಷ್ಟವೆಂದು ಒಪ್ಪಂದದಲ್ಲೇ ಎಣಿಸಲಾಗಿತ್ತು. 24 ಕ್ಷೇತ್ರಗಳಿಗೆ ಮಾತ್ರ ನೇರ ಚುನಾವಣೆ. ಉಳಿದೆಡೆ ಜನರು ಮೊದಲು ತಮ್ಮ ಪ್ರತಿನಿಧಿಗಳನ್ನು ಆರಿಸಬೇಕು, ಆ ಪ್ರತಿನಿಧಿಗಳು ಸೇರಿ ಸಂಸತ್ ಸದಸ್ಯನನ್ನು ಆರಿಸಬೇಕು. ಆಯೋಗವು ನೇರ ಚುನಾವಣೆಯ ಕ್ಷೇತ್ರಗಳನ್ನು 35ಕ್ಕೆ ಏರಿಸಿತು. ಹಳ್ಳಿಗನ ಕೈಗೂ ಮತಪತ್ರ ಕೊಟ್ಟರೆ ಕೆಡುವುದಿಲ್ಲ ಎಂಬ ವಿಶ್ವಾಸ ಆ ತೀರ್ಮಾನದಲ್ಲಿ ಕಾಣುತ್ತದೆ.

ವಿದ್ಯಾಸಂಸ್ಥೆಯ ಓದುಗರಾದ ನೀವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕೆಳಮನೆಯ 97 ಸ್ಥಾನಗಳಲ್ಲಿ 5 ಸ್ಥಾನಗಳು ವಿದ್ಯಾವಂತರಿಗೆ ಮೀಸಲಾಗಿದ್ದವು. ಮಹಿಳೆಯರಿಗೆ ಸಾಮಾನ್ಯ ಕ್ಷೇತ್ರಗಳಲ್ಲಿ ಮತವಿರಲಿಲ್ಲ. ಆದರೆ ಪ್ರೌಢಶಿಕ್ಷಣ ಪೂರೈಸಿದ ಬೆರಳೆಣಿಕೆಯ ಹೆಣ್ಣುಮಕ್ಕಳು ಈ ವಿದ್ಯಾವಂತರ ಕ್ಷೇತ್ರದಲ್ಲಿ ಮತ ಹಾಕಬಹುದಿತ್ತು. ಅಂದರೆ ಸುಡಾನಿನ ಹೆಣ್ಣಿಗೆ ಮತಗಟ್ಟೆಯ ಬಾಗಿಲನ್ನು ಮೊದಲು ತೆರೆದದ್ದು ಶಾಲೆ. ಮುಂದೆ 1965ರಲ್ಲಿ ಫಾತಿಮಾ ಅಹ್ಮದ್ ಇಬ್ರಾಹಿಂ ಆ ದೇಶದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು.

1953ರ ನವೆಂಬರ್–ಡಿಸೆಂಬರ್‌ನಲ್ಲಿ ಮತದಾನ ನಡೆಯಿತು. ಇಸ್ಮಾಯಿಲ್ ಅಲ್ ಅಝ್ಹರಿಯವರ ನ್ಯಾಷನಲ್ ಯೂನಿಯನಿಸ್ಟ್ ಪಕ್ಷ 51 ಸ್ಥಾನ ಗಳಿಸಿ ಬಹುಮತ ಪಡೆಯಿತು. ಇದು ಈಜಿಪ್ಟಿನೊಂದಿಗೆ ಸೇರಬೇಕೆನ್ನುತ್ತಿದ್ದ ಪಕ್ಷ. ಆಡಳಿತ ನಡೆಸುತ್ತಿದ್ದ ಬ್ರಿಟಿಷರಿಗೆ ಬೇಡವಾಗಿದ್ದ ಪಕ್ಷವೇ ಗೆದ್ದಿತು, ಅಧಿಕಾರವೂ ಅದಕ್ಕೇ ಸಿಕ್ಕಿತು. ಚುನಾವಣೆ ನ್ಯಾಯವಾಗಿ ನಡೆಯಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮುಂದಿನದ್ದು ಇನ್ನೂ ಸ್ವಾರಸ್ಯಕರ. ಅಧಿಕಾರಕ್ಕೆ ಬಂದ ಅಝ್ಹರಿಯವರು ಜನರ ಮನಸ್ಸನ್ನು ಅರಿತು ಸ್ವಾತಂತ್ರ್ಯದ ಕಡೆಗೇ ತಿರುಗಿದರು. 1955ರ ಡಿಸೆಂಬರ್ 19ರಂದು ಸಂಸತ್ತು ಒಮ್ಮತದಿಂದ ಸ್ವಾತಂತ್ರ್ಯದ ನಿರ್ಣಯ ಮಾಡಿತು. 1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಇತಿಹಾಸ ನಮ್ಮ ಇಷ್ಟದಂತೆ ನಡೆಯುವುದಿಲ್ಲ. ದೇಶದ ಭವಿಷ್ಯ ನಿರ್ಧರಿಸಿದ ಆ ಒಪ್ಪಂದದ ಮಾತುಕತೆಯಲ್ಲಿ ದಕ್ಷಿಣ ಸುಡಾನಿನವರನ್ನು ಯಾರೂ ಕೇಳಿರಲಿಲ್ಲ. ಬ್ರಿಟಿಷರು ಬಿಟ್ಟುಹೋದ ಹುದ್ದೆಗಳಲ್ಲೂ ಅವರಿಗೆ ಸಿಕ್ಕಿದ್ದು ತೀರಾ ಕಡಿಮೆ. 1955ರ ಆಗಸ್ಟ್‌ನಲ್ಲೇ ದಕ್ಷಿಣದ ಸೈನಿಕರು ದಂಗೆಯೆದ್ದರು. 1958ರ ನವೆಂಬರ್‌ನಲ್ಲಿ ಜನರಲ್ ಅಬ್ಬೂದ್ ಸಂಸತ್ತನ್ನು ವಿಸರ್ಜಿಸಿ ಸೇನಾ ಆಡಳಿತ ಹೇರಿದರು. 2011ರಲ್ಲಿ ದಕ್ಷಿಣ ಸುಡಾನ್ ಪ್ರತ್ಯೇಕ ದೇಶವಾಯಿತು. 2023ರ ಏಪ್ರಿಲ್‌ನಲ್ಲಿ ಇಬ್ಬರು ಸೇನಾನಾಯಕರ ಅಧಿಕಾರದಾಹದಿಂದ ಭುಗಿಲೆದ್ದ ಯುದ್ಧ ಲಕ್ಷಾಂತರ ಜನರನ್ನು ಮನೆಮಠ ಬಿಟ್ಟು ಓಡುವಂತೆ ಮಾಡಿತು.

ಹಾಗಾದರೆ ಸೇನರ ಶ್ರಮ ವ್ಯರ್ಥವಾಯಿತೇ? ಖಂಡಿತ ಇಲ್ಲ. ಹೊರಗಿನ ಸ್ನೇಹಿತನೊಬ್ಬ ಪ್ರಾಮಾಣಿಕ ಎಣಿಕೆಯನ್ನು ಕೊಡಬಲ್ಲ, ಅದನ್ನವರು ಕೊಟ್ಟರು. ಸೋತವನನ್ನೂ ಗೌರವಿಸುವ, ದುರ್ಬಲನಿಗೂ ಪಾಲು ಕೊಡುವ, ಬಂದೂಕಿಗೆ ಹೆದರದ ಮನಸ್ಸನ್ನು ಮಾತ್ರ ಯಾರೂ ಹೊರಗಿನಿಂದ ತಂದುಕೊಡಲಾರರು. ಅದನ್ನು ಆಯಾ ದೇಶದ ಜನರೇ ಬೆಳೆಸಿಕೊಳ್ಳಬೇಕು.

ಇನ್ನು ನಮ್ಮ ಮಾತಿಗೆ ಬರೋಣ. ನಮ್ಮ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಹೆಸರಿಲ್ಲದಿದ್ದರೆ ಮತವಿಲ್ಲ ಎಂದು ಸೇನ್ ಪಟ್ಟು ಹಿಡಿದರು. ಅಂದಿನ ನಷ್ಟ ದೊಡ್ಡದಾಗಿತ್ತು, ಆದರೆ ಪಾಠವೂ ದೊಡ್ಡದು. ಮತ ಎಂಬುದು ಒಂದು ಸಾಕ್ಷ್ಯ, ಒಂದು ಅಮಾನತ್ ಎಂದು ನಮ್ಮ ಉಲಮಾಗಳು ಹೇಳುವುದುಂಟು. ಅಮಾನತ್ತನ್ನು ಮಾರಲೂ ಬಾರದು, ಅಲಕ್ಷಿಸಲೂ ಬಾರದು.

ಆದ್ದರಿಂದ ಈ ಸಂಚಿಕೆಯನ್ನು ಮಡಚಿಡುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ನೋಡಿ. ಉಮ್ಮನ ಹೆಸರು, ಹದಿನೆಂಟು ತುಂಬಿದ ತಂಗಿಯ ಹೆಸರು ಸರಿಯಾಗಿದೆಯೇ ನೋಡಿ. ದೂರದ ಸುಡಾನಿನ ಮತಪೆಟ್ಟಿಗೆಗೆ ಕಾವಲು ನಿಂತ ದೇಶದ ಪ್ರಜೆಗಳು ನಾವು. ನಮ್ಮದೇ ಮನೆಯ ಮತಕ್ಕೆ ಕಾವಲು ನಿಲ್ಲದಿದ್ದರೆ ಹೇಗೆ?